ಎದುರು ಪಕ್ಷದ ಕೈಯಲ್ಲಿರುವ ದಾಖಲೆ ಕೇಳುವುದು ಹೇಗೆ? ಅರ್ಜಿ ವಜಾ ಆದರೆ ಮುಂದೇನು?

ಪಾಲು ಕೇಳಿ ದಾವೆ ಹಾಕಿದ್ದೀರಿ. ಮಳಿಗೆಗಳ ಬಾಡಿಗೆ ಲೆಕ್ಕವೆಲ್ಲ ಅಣ್ಣನ ಬೀರುವಿನಲ್ಲಿದೆ. ಅಥವಾ ಪಾಲುದಾರಿಕೆ ವ್ಯವಹಾರ ಮುರಿದುಬಿದ್ದಿದೆ, ಲೆಕ್ಕದ ಪುಸ್ತಕ ಇನ್ನೊಬ್ಬ ಪಾಲುದಾರನ ಹತ್ತಿರ ಉಳಿದಿದೆ. ನಿಮ್ಮ ಮಾತು ನಿಜ ಅಂತ ತೋರಿಸುವ ಕಾಗದ ಎದುರಾಳಿಯ ಕೈಯಲ್ಲೇ ಇದೆ. ಸಿವಿಲ್ ಕೋರ್ಟಿನಲ್ಲಿ ಇದು ದಿನಾ ಕಾಣುವ ಸಂಕಟ.

ಇದಕ್ಕೆ ಕಾನೂನಿನಲ್ಲಿ ದಾರಿ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 30ನೇ ಕಲಂ ಮತ್ತು ಆರ್ಡರ್ 11 ಇರುವುದೇ ಇದಕ್ಕಾಗಿ. ವಕೀಲರು ಇದನ್ನು ‘ಡಿಸ್ಕವರಿ’ ಅನ್ನುತ್ತಾರೆ. ದಾರಿ ಇದ್ದರೂ ಇಂಥ ಅರ್ಜಿಗಳು ಸಾಲು ಸಾಲಾಗಿ ವಜಾ ಆಗುತ್ತವೆ. ಕಾರಣ ಬಹಳ ಸಲ ಒಂದೇ: ಏನು ಬೇಕು ಅಂತ ಸರಿಯಾಗಿ ಹೇಳಿರುವುದಿಲ್ಲ. ವಜಾ ಆದ ಮೇಲೆ ಅದೇ ವಾದವನ್ನು ರಿವ್ಯೂ ಅರ್ಜಿಯಲ್ಲಿ (ಆದೇಶ ಕೊಟ್ಟ ಕೋರ್ಟೇ ಅದನ್ನು ಮತ್ತೆ ನೋಡಲಿ ಅಂತ ಕೇಳುವ ಅರ್ಜಿ) ಮತ್ತೆ ಬರೆದು ತಿಂಗಳುಗಟ್ಟಲೆ ಕಳೆಯುತ್ತಾರೆ. ಎರಡನೇ ಅವಕಾಶ ಸಿಗುವುದೇ ಇಲ್ಲ ಅಂದುಕೊಂಡು ಮೊದಲ ಅರ್ಜಿಯನ್ನು ಬರೆಯಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಒಂದು ಸಣ್ಣ ಸೂಚನೆ. ಕನ್ನಡದಲ್ಲಿ ಸಂಹಿತೆಯ ‘ಆರ್ಡರ್’ಗೂ ನ್ಯಾಯಾಧೀಶರು ಕೊಡುವ ತೀರ್ಮಾನಕ್ಕೂ ‘ಆದೇಶ’ ಅಂತಲೇ ಹೇಳುತ್ತೇವೆ. ಗೊಂದಲ ಬೇಡ ಅಂತ ಇಲ್ಲಿ ಸಂಹಿತೆಯ ಭಾಗಕ್ಕೆ ‘ಆರ್ಡರ್’ ಅಂತಲೇ ಬರೆಯುತ್ತೇನೆ.

ಹೆಜ್ಜೆ 1: ನೀವೇ ಪಡೆಯಬಹುದಾದದ್ದನ್ನು ಮೊದಲು ಪಡೆಯಿರಿ

ಪಹಣಿ, ಮ್ಯುಟೇಶನ್, ಋಣಭಾರ ಪತ್ರ, ನೋಂದಾಯಿತ ಕ್ರಯಪತ್ರದ ದೃಢೀಕೃತ ನಕಲು ಇವೆಲ್ಲ ತಾಲ್ಲೂಕು ಕಚೇರಿಯಲ್ಲೋ ಉಪನೋಂದಣಿ ಕಚೇರಿಯಲ್ಲೋ ಸಿಗುತ್ತವೆ. ಇವನ್ನು ಎದುರು ಪಕ್ಷದಿಂದ ಕೇಳಬೇಡಿ. ಕೇಳಿದರೆ ‘ಅರ್ಜಿದಾರರೇ ಪಡೆಯಬಹುದು’ ಎಂಬ ಒಂದೇ ಸಾಲಿನಲ್ಲಿ ಅರ್ಜಿ ಮುಗಿಯುತ್ತದೆ. ದಾಖಲೆ ಬ್ಯಾಂಕಿನಲ್ಲೋ ಮೂರನೆಯವರ ಬಳಿಯೋ ಇದ್ದರೆ ಅದು ಆರ್ಡರ್ 11ರ ವಿಷಯವೇ ಅಲ್ಲ. ಅದಕ್ಕೆ ಆರ್ಡರ್ 16ರ ಕೆಳಗೆ ಸಮನ್ಸ್ ಕೇಳಬೇಕು. ಎದುರು ಪಕ್ಷದವರ ಬಳಿ ಮಾತ್ರ ಇರುವ ಕಾಗದಗಳಷ್ಟೇ ನಿಮ್ಮ ಪಟ್ಟಿಯಲ್ಲಿ ಉಳಿಯಲಿ.

ಹೆಜ್ಜೆ 2: ಸರಿಯಾದ ರೂಲ್ ಆರಿಸಿಕೊಳ್ಳಿ

ಆರ್ಡರ್ 11ರಲ್ಲಿ ನಾಲ್ಕು ಉಪಾಯಗಳಿವೆ. ನಾಲ್ಕೂ ಬೇರೆ ಬೇರೆ ಕೆಲಸಕ್ಕೆ.

ಎದುರು ಪಕ್ಷದ ವಾದಪತ್ರ (ದಾವೆ ಹಾಕಿದವರು ಸಲ್ಲಿಸುವುದು), ಲಿಖಿತ ಹೇಳಿಕೆ (ಅದಕ್ಕೆ ಪ್ರತಿವಾದಿಯ ಉತ್ತರ) ಅಥವಾ ಅಫಿಡವಿಟ್‌ನಲ್ಲೇ ಒಂದು ದಾಖಲೆಯ ಹೆಸರು ಬಂದಿದೆಯಾ? ಹಾಗಿದ್ದರೆ ರೂಲ್ 15. ಇದಕ್ಕೆ ಮೊದಲಿಗೆ ಕೋರ್ಟಿನ ಅಪ್ಪಣೆ ಬೇಕಿಲ್ಲ, ನೋಟಿಸ್ ಸಾಕು. ಅವರು ತೋರಿಸದಿದ್ದರೆ, ತಕ್ಕ ಕಾರಣ ಹೇಳಿ ಕೋರ್ಟನ್ನು ಒಪ್ಪಿಸದೆ ಮುಂದೆ ಅದೇ ದಾಖಲೆಯನ್ನು ತಮ್ಮ ಪರ ಸಾಕ್ಷ್ಯವಾಗಿ ಹಾಜರುಪಡಿಸಲು ಆಗುವುದಿಲ್ಲ. ಇಷ್ಟು ಅಗ್ಗದ, ಇಷ್ಟು ಬಲದ ಉಪಾಯವನ್ನು ನಮ್ಮಲ್ಲಿ ಬಳಸುವವರು ತೀರಾ ಕಡಿಮೆ. ದಯವಿಟ್ಟು ಎದುರು ಪಕ್ಷದ ಲಿಖಿತ ಹೇಳಿಕೆಯನ್ನು ಪೆನ್ಸಿಲ್ ಹಿಡಿದು ಓದಿ. ದಾಖಲೆಯ ಹೆಸರು ಬಂದಲ್ಲೆಲ್ಲ ಗೆರೆ ಹಾಕಿ.

ಅವರ ಬಳಿ ಏನೇನಿದೆ ಅಂತಲೇ ನಿಮಗೆ ಗೊತ್ತಿಲ್ಲದಿದ್ದರೆ ರೂಲ್ 12. ಕೋರ್ಟು ಒಪ್ಪಿದರೆ ಅವರು ತಮ್ಮ ಬಳಿ ಇರುವ, ಹಿಂದೆ ಇದ್ದ ದಾಖಲೆಗಳ ಪಟ್ಟಿಯನ್ನು ಪ್ರಮಾಣ ಮಾಡಿ ಕೊಡಬೇಕಾಗುತ್ತದೆ. ಯಾವುದನ್ನು ತೋರಿಸಲು ಒಪ್ಪುವುದಿಲ್ಲ, ಯಾಕೆ ಎಂಬುದನ್ನೂ ಅದರಲ್ಲಿ ಬರೆಯಬೇಕು.

ನಿರ್ದಿಷ್ಟ ದಾಖಲೆ ಇದೆ ಅಂತ ಗೊತ್ತು, ಅದು ಕೋರ್ಟಿಗೆ ಬರಬೇಕು ಅಂದರೆ ರೂಲ್ 14. ದಾವೆ ನಡೆಯುತ್ತಿರುವ ಯಾವ ಹಂತದಲ್ಲೂ ಇದನ್ನು ಕೇಳಬಹುದು. ಆದರೆ ಸಾಕ್ಷ್ಯ ಮುಗಿಯುವ ಹೊತ್ತಿಗೆ ಕೇಳಿದರೆ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲಿಖಿತ ಹೇಳಿಕೆ ಬಂದು ವಿವಾದಾಂಶಗಳು (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ರೂಪುಗೊಂಡ ಕೂಡಲೇ ಕೇಳುವುದು ಒಳ್ಳೆಯದು.

ಕೊನೆಯದು ರೂಲ್ 1, ಲಿಖಿತ ಪ್ರಶ್ನೆಗಳು. ಕೋರ್ಟಿನ ಅನುಮತಿ ಪಡೆದು ಪ್ರಶ್ನೆ ಕಳಿಸಿದರೆ ಅವರು 10 ದಿನದಲ್ಲಿ, ಅಥವಾ ಕೋರ್ಟು ಕೊಟ್ಟ ಸಮಯದಲ್ಲಿ, ಅಫಿಡವಿಟ್ ಮೂಲಕ ಉತ್ತರಿಸಬೇಕು. ‘2016ರ ಏಪ್ರಿಲ್‌ನಿಂದ ಮಳಿಗೆಯ ಬಾಡಿಗೆ ಯಾವ ಖಾತೆಗೆ ಜಮೆ ಆಗಿದೆ?’ ಅನ್ನುವುದು ಒಳ್ಳೆಯ ಪ್ರಶ್ನೆ. ‘ನೀವು ತಂಗಿಗೆ ಮೋಸ ಮಾಡಿದ್ದು ನಿಜವಲ್ಲವೇ?’ ಅನ್ನುವುದು ಪಾಟೀಸವಾಲಿನ ಪ್ರಶ್ನೆ, ಇಲ್ಲಿ ನಿಲ್ಲುವುದಿಲ್ಲ. ಪಾಟೀಸವಾಲಿನಲ್ಲಿ ಕೇಳಬಹುದಾದದ್ದೆಲ್ಲ ಇಲ್ಲಿ ಕೇಳಲು ಬರುವುದಿಲ್ಲ ಅಂತ ರೂಲ್ 1ರಲ್ಲೇ ಇದೆ. 1972ರಲ್ಲಿ ರಾಜ್ ನಾರಾಯಣ್ ಮತ್ತು ಇಂದಿರಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೂಡ ಪ್ರಶ್ನೆಗೂ ವಿವಾದಕ್ಕೂ ಹತ್ತಿರದ ಸಂಬಂಧ ಇರಬೇಕು ಅಂದಿದೆ.

ನಿಮ್ಮದು ವಾಣಿಜ್ಯ ದಾವೆಯಾಗಿದ್ದು ಮೌಲ್ಯ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲೆಕ್ಕ ಬೇರೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಆರ್ಡರ್ 11ನ್ನೇ ಬದಲಿಸಿದೆ. ಅಲ್ಲಿ ಇಬ್ಬರೂ ತಮಗೆ ಅನುಕೂಲವಾದ ದಾಖಲೆ, ಅನುಕೂಲವಲ್ಲದ ದಾಖಲೆ ಎರಡನ್ನೂ ಮೊದಲೇ ಪಟ್ಟಿ ಮಾಡಿ ಕೊಡಬೇಕು. ಲಿಖಿತ ಹೇಳಿಕೆ ಸಲ್ಲಿಸಿದ 30 ದಿನದಲ್ಲಿ ಪರಿಶೀಲನೆ ಮುಗಿಸಬೇಕು. ಮುಂದೆ ಹೇಳುವುದೆಲ್ಲ ಸಾಮಾನ್ಯ ದಾವೆಗಳ ಬಗ್ಗೆ.

ಹೆಜ್ಜೆ 3: ಅರ್ಜಿ ಬರೆಯುವುದು

ಇಲ್ಲಿ ನಿಧಾನವಾಗಿ ಹೋಗೋಣ. ಗೆಲ್ಲುವುದೋ ಸೋಲುವುದೋ ಇಲ್ಲೇ ತೀರ್ಮಾನವಾಗುತ್ತದೆ.

ನಾನು ಜೂನಿಯರ್ ಆಗಿದ್ದಾಗ ಒಂದು ಪಾಲಿನ ದಾವೆಯಲ್ಲಿ ಹೀಗೆ ಬರೆದಿದ್ದೆ: ‘1ನೇ ಪ್ರತಿವಾದಿಯು ದಾವಾ ಆಸ್ತಿಗೆ ಸಂಬಂಧಿಸಿದ ಎಲ್ಲಾ ದಾಖಲೆಗಳನ್ನು ಹಾಜರುಪಡಿಸುವಂತೆ ಆದೇಶಿಸಬೇಕು.’ ಎದುರು ವಕೀಲರು ಒಂದೇ ಮಾತು ಹೇಳಿದರು, ಇದು ಫಿಶಿಂಗ್ ಎನ್‌ಕ್ವೈರಿ ಅಂತ. ಅಂದರೆ ಏನಾದರೂ ಸಿಕ್ಕೀತು ಅಂತ ಸುಮ್ನೆ ಬಲೆ ಬೀಸುವುದು. ಎರಡು ಸಾಲಿನಲ್ಲಿ ಅರ್ಜಿ ವಜಾ ಆಯಿತು. ಕಕ್ಷಿದಾರಳು ಹೊರಗೆ ಬಂದು ‘ಪುಸ್ತಕ ಅವನ ಹತ್ತಿರ ಇರೋದು ಊರಿಗೇ ಗೊತ್ತಲ್ಲ ಸಾರ್’ ಅಂದಳು. ಊರಿಗೆ ಗೊತ್ತಿತ್ತು. ನನ್ನ ಅರ್ಜಿಯಲ್ಲಿ ಅದು ಇರಲಿಲ್ಲ.

ಅದೇ ಕೋರಿಕೆಯನ್ನು ಇಂದು ಹೀಗೆ ಬರೆಯುತ್ತೇನೆ:

‘ದಾವಾ ಷೆಡ್ಯೂಲಿನ 3ನೇ ಐಟಂ ಆದ ನಾಲ್ಕು ಮಳಿಗೆಗಳ ಬಾಡಿಗೆ ವಸೂಲಿ ಪುಸ್ತಕ, 01-04-2016ರಿಂದ 31-03-2021ರವರೆಗಿನದು. ಈ ಪುಸ್ತಕ ತನ್ನ ಬಳಿ ಇದೆ ಎಂದು 1ನೇ ಪ್ರತಿವಾದಿಯು ಲಿಖಿತ ಹೇಳಿಕೆಯ 9ನೇ ಪ್ಯಾರಾದಲ್ಲಿ ಒಪ್ಪಿದ್ದಾರೆ. ಬಾಡಿಗೆಯನ್ನು ಸಮನಾಗಿ ಹಂಚಲಾಗಿದೆ ಎಂಬ ಅವರ ಹೇಳಿಕೆ ನಿಜವೇ ಎಂಬುದು 4ನೇ ವಿವಾದಾಂಶ. ಅದನ್ನು ತೀರ್ಮಾನಿಸಲು ಈ ಪುಸ್ತಕ ಬೇಕು.’

ದಾಖಲೆ ಯಾವುದು, ಯಾವ ಅವಧಿಯದು, ಅವರ ಬಳಿ ಇದೆ ಅನ್ನುವುದಕ್ಕೆ ಆಧಾರ ಏನು, ಯಾವ ವಿವಾದಾಂಶಕ್ಕೆ ಬೇಕು. ಈ ನಾಲ್ಕೂ ಪ್ರತಿ ದಾಖಲೆಗೂ ಬೇರೆ ಬೇರೆಯಾಗಿ ಬರಬೇಕು. ಹತ್ತು ದಾಖಲೆ ಕೇಳುತ್ತಿದ್ದರೆ ಹತ್ತು ಸಲ ಬರೆಯಿರಿ. ಬೇಸರದ ಕೆಲಸ, ನಿಜ. ಆದರೆ ಒಂದಕ್ಕೆ ಕಾರಣ ಕೊಡಲು ಆಗಲಿಲ್ಲ ಅಂದರೆ ಅದನ್ನು ಕೇಳಲೇಬಾರದು ಅಂತ ನಿಮಗೇ ತಿಳಿಯುತ್ತದೆ.

‘ಅವರ ಬಳಿ ಇದೆ’ ಅನ್ನುವ ಆಧಾರದ ಮೇಲೆ ಇನ್ನಷ್ಟು ಗಮನ ಕೊಡಿ. ಎದುರು ಪಕ್ಷ ಬಹಳ ಸಲ ‘ಅಂಥ ದಾಖಲೆಯೇ ಇಲ್ಲ’ ಅಂದುಬಿಡುತ್ತದೆ. ಇಲ್ಲದ ದಾಖಲೆಯನ್ನು ತನ್ನಿ ಅಂತ ಕೋರ್ಟು ಹೇಳಲಾರದು, ಅಲ್ವಾ? ಹಾಗಾಗಿ ಅವರದೇ ನೋಟಿಸಿನ ಉತ್ತರ, ಹಳೆಯ ಪತ್ರ, ವಾಟ್ಸ್ಆ್ಯಪ್ ಸಂದೇಶ, ಬಾಡಿಗೆದಾರರಿಗೆ ಕೊಟ್ಟ ರಸೀದಿ, ಏನಾದರೊಂದು ಜೊತೆಗಿಡಿ.

ಅಫಿಡವಿಟ್‌ನಲ್ಲಿ ಇನ್ನೊಂದು ವಾಕ್ಯ ತಪ್ಪದೆ ಇರಲಿ. ದಾವೆಯನ್ನು ನ್ಯಾಯವಾಗಿ ತೀರ್ಮಾನಿಸಲು ಅಥವಾ ಖರ್ಚು ಉಳಿಸಲು ಅಗತ್ಯವಿಲ್ಲದಿದ್ದರೆ ಡಿಸ್ಕವರಿಗೆ ಆದೇಶ ಕೊಡಬಾರದು ಅಂತ ರೂಲ್ 12ರಲ್ಲಿದೆ. ನಿಮ್ಮ ದಾಖಲೆಯಿಂದ ಯಾವ ಸಾಕ್ಷಿ ಬೇಡವಾಗುತ್ತದೆ, ಯಾವ ವಿಚಾರಣೆ ಉಳಿಯುತ್ತದೆ ಅಂತ ಬರೆಯಿರಿ.

‘ಆ ದಾಖಲೆ ಸಾಕ್ಷ್ಯವಾಗಿ ಸ್ವೀಕಾರಾರ್ಹವಲ್ಲ, ಅದಕ್ಕೇ ಕೊಡುವುದಿಲ್ಲ’ ಎಂಬ ತಕರಾರು ಬಂದರೆ 1972ರ ಎಂ.ಎಲ್. ಸೇಠಿ ಮತ್ತು ಆರ್.ಪಿ. ಕಪೂರ್ ತೀರ್ಪನ್ನು ತೋರಿಸಿ. ಡಿಸ್ಕವರಿ ಹಂತದಲ್ಲಿ ದಾಖಲೆ ಸಾಕ್ಷ್ಯವಾಗಿ ನಿಲ್ಲಲೇಬೇಕು ಅಂತಿಲ್ಲ, ವಿವಾದದ ಮೇಲೆ ಬೆಳಕು ಚೆಲ್ಲಿದರೆ ಸಾಕು ಅಂತ ಸುಪ್ರೀಂ ಕೋರ್ಟು ಅಲ್ಲಿ ಹೇಳಿದೆ. ಆದರೆ ಇವು ವಕೀಲರ ಜೊತೆಗಿನ ಮಾತುಕತೆ, ಪತ್ರಗಳು, ಗುಟ್ಟಾಗಿಡಲು ಕಾನೂನಿನ ರಕ್ಷಣೆ ಇದೆ ಎಂಬ ತಕರಾರು ಬಂದರೆ ಅದು ಗಟ್ಟಿಯಾದದ್ದು. ಅಲ್ಲಿ ‘ರೂಲ್ 19ರ ಪ್ರಕಾರ ಕೋರ್ಟೇ ದಾಖಲೆಯನ್ನು ನೋಡಿ, ಈ ರಕ್ಷಣೆ ಸರಿಯೇ ಅಂತ ತೀರ್ಮಾನಿಸಲಿ’ ಎಂದು ಕೇಳಿಕೊಳ್ಳಬಹುದು.

ಹೆಜ್ಜೆ 4: ಆದೇಶ ಸಿಕ್ಕಿತು, ಅವರು ಪಾಲಿಸಲಿಲ್ಲ

ಆಗ ರೂಲ್ 21. ತಪ್ಪಿದವರು ವಾದಿಯಾದರೆ ದಾವೆ ವಜಾ ಆಗಬಹುದು, ಪ್ರತಿವಾದಿಯಾದರೆ ಅವರ ಪ್ರತಿರಕ್ಷೆಯನ್ನೇ ತೆಗೆದುಹಾಕಬಹುದು. ಓದಲು ಭಾರೀ ಅಸ್ತ್ರ. ಆದರೆ 1978ರ ಬಬ್ಬರ್ ಸೀವಿಂಗ್ ಮೆಷಿನ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಕಟ್ಟಕಡೆಯ ಕ್ರಮ, ಬೇಕೆಂದೇ ಹಟದಿಂದ ಆದೇಶ ಮೀರಿದಾಗ ಮಾತ್ರ ಅಂದಿದೆ. ಆದ್ದರಿಂದ ಒಂದು ದಿನ ತಪ್ಪಿದ ಕೂಡಲೇ ರೂಲ್ 21ಕ್ಕೆ ಹಾರಬೇಡಿ. ಒಂದು ನೋಟಿಸ್ ಕೊಡಿ, ಇನ್ನೊಂದು ಗಡುವು ಪಡೆಯಿರಿ. ಅವರು ಕೇಳಿದ ಸಮಯ, ಕೊಟ್ಟ ನೆಪ ಎಲ್ಲ ದಿನಚರಿ ಹಾಳೆಯಲ್ಲಿ ದಾಖಲಾಗಲಿ. ಹಟ ಅನ್ನುವುದನ್ನು ಆ ಹಾಳೆಯೇ ತೋರಿಸುತ್ತದೆ.

ರೂಲ್ 21ರ ಕೆಳಗಿನ ಆದೇಶಕ್ಕೆ ಆರ್ಡರ್ 43ರಲ್ಲಿ ಮೇಲ್ಮನವಿ ಇದೆ. ಡಿಸ್ಕವರಿಗೆ ಸಂಬಂಧಿಸಿದ ಬೇರೆ ಆದೇಶಗಳಿಗೆ ಇಲ್ಲ.

ಹೆಜ್ಜೆ 5: ಅರ್ಜಿ ವಜಾ ಆದ ದಿನ

ಅಂದೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ರಿವ್ಯೂಗೆ ಇರುವುದು 30 ದಿನ, 1963ರ ಕಾಲಪರಿಮಿತಿ ಕಾಯ್ದೆಯ 124ನೇ ಅನುಚ್ಛೇದದ ಪ್ರಕಾರ. ನಕಲು ಪಡೆಯಲು ಹಿಡಿದ ದಿನಗಳನ್ನು ಅದೇ ಕಾಯ್ದೆಯ 12ನೇ ಕಲಂ ಬಿಟ್ಟುಕೊಡುತ್ತದೆ. ನೀವು ತಡವಾಗಿ ನಕಲು ಕೇಳಿದ ದಿನಗಳನ್ನು ಬಿಡುವುದಿಲ್ಲ.

ನಕಲು ಬಂದ ಮೇಲೆ ಕೋಪ ಇಳಿಯುವ ತನಕ ಕಾದು ಆದೇಶವನ್ನು ಓದಿ. ಮೊದಲ ಪುಟಗಳಲ್ಲಿ ಎರಡೂ ಕಡೆಯ ವಾದ ಇರುತ್ತದೆ, ಅದನ್ನು ಬಿಡಿ. ಕಾರಣ ಹೇಳುವ ಪ್ಯಾರಾ ಎಲ್ಲಿ ಶುರುವಾಗುತ್ತದೆ ನೋಡಿ. ಪ್ರತಿ ವಾಕ್ಯದ ಪಕ್ಕ ಒಂದು ಗುರುತು ಹಾಕಿ: ಇದು ಕಡತದಲ್ಲಿರುವುದಕ್ಕೆ ವಿರುದ್ಧವಾಗಿದೆಯಾ, ಅಥವಾ ನನಗೆ ಒಪ್ಪಿಗೆಯಾಗದ ಅಭಿಪ್ರಾಯವಷ್ಟೇನಾ? ಮೊದಲ ಬಗೆಯದು ಸಿಕ್ಕರೆ ರಿವ್ಯೂ ಬಗ್ಗೆ ಯೋಚಿಸಬಹುದು. ಎರಡನೇ ಬಗೆಯದು ಮಾತ್ರ ಇದ್ದರೆ ರಿವ್ಯೂ ಬೇಡ.

ಹೆಜ್ಜೆ 6: ರಿವ್ಯೂ ಯಾವಾಗ ನಿಲ್ಲುತ್ತದೆ

ಸಿವಿಲ್ ಪ್ರಕ್ರಿಯಾ ಸಂಹಿತೆಯ 114ನೇ ಕಲಂ ಮತ್ತು ಆರ್ಡರ್ 47 ರೂಲ್ 1 ಮೂರು ಕಾರಣ ಕೊಡುತ್ತವೆ: ಎಷ್ಟೇ ಎಚ್ಚರ ವಹಿಸಿದರೂ ಮೊದಲು ಸಿಗದಿದ್ದ ಹೊಸ, ಮುಖ್ಯ ಸಂಗತಿ. ದಾಖಲೆಯ ಮೇಲ್ನೋಟಕ್ಕೇ ಕಾಣುವ ತಪ್ಪು. ಇವೆರಡಕ್ಕೆ ಹೋಲುವ ಬೇರೆ ಸಾಕಷ್ಟು ಕಾರಣ.

ಜಗಳವೆಲ್ಲ ಎರಡನೆಯದರ ಸುತ್ತ. ಯಾವುದು ಮೇಲ್ನೋಟಕ್ಕೇ ಕಾಣುವ ತಪ್ಪು? 1997ರ ಪರ್ಸಿಯನ್ ದೇವಿ ಮತ್ತು ಸುಮಿತ್ರಿ ದೇವಿ ತೀರ್ಪು ಇದಕ್ಕೆ ಅಳತೆಗೋಲು ಕೊಟ್ಟಿದೆ. ತಾನಾಗಿ ಕಾಣದ, ತರ್ಕದಿಂದ ಹುಡುಕಿ ತೆಗೆಯಬೇಕಾದ ತಪ್ಪು ಈ ಸಾಲಿಗೆ ಸೇರುವುದಿಲ್ಲ. ರಿವ್ಯೂ ಎಂಬುದು ವೇಷ ಹಾಕಿದ ಮೇಲ್ಮನವಿ ಆಗಬಾರದು. 2013ರ ಕಮಲೇಶ್ ವರ್ಮಾ ಮತ್ತು ಮಾಯಾವತಿ ತೀರ್ಪಿನಲ್ಲಿ ರಿವ್ಯೂ ಯಾವಾಗ ನಿಲ್ಲುತ್ತದೆ, ಯಾವಾಗ ಇಲ್ಲ ಎಂಬ ಪಟ್ಟಿಯೇ ಇದೆ.

ಬಾಡಿಗೆ ಪುಸ್ತಕದ ಉದಾಹರಣೆಗೇ ಬರೋಣ. ‘ಪುಸ್ತಕ ತನ್ನ ಬಳಿ ಇದೆ ಎಂದು ಪ್ರತಿವಾದಿ ಎಲ್ಲೂ ಒಪ್ಪಿಲ್ಲ’ ಅಂತ ಆದೇಶದಲ್ಲಿದೆ. ಲಿಖಿತ ಹೇಳಿಕೆಯ 9ನೇ ಪ್ಯಾರಾದಲ್ಲಿ ‘ಬಾಡಿಗೆ ಪುಸ್ತಕವನ್ನು ನಾನೇ ನಿರ್ವಹಿಸುತ್ತಿದ್ದೇನೆ’ ಅಂತಿದೆ. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಸಾಕು, ವಾದವೇ ಬೇಕಿಲ್ಲ. ಇದು ರಿವ್ಯೂಗೆ ತಕ್ಕ ತಪ್ಪು. ‘ಪುಸ್ತಕ ಇದ್ದರೂ 4ನೇ ವಿವಾದಾಂಶಕ್ಕೆ ಅದರ ಅಗತ್ಯ ಕಾಣುವುದಿಲ್ಲ’ ಅಂತ ಆದೇಶದಲ್ಲಿದ್ದರೆ ಅದು ಅಭಿಪ್ರಾಯ. ತಪ್ಪು ಅಭಿಪ್ರಾಯವೇ ಇರಬಹುದು. ಆದರೂ ರಿವ್ಯೂಗೆ ಬರುವುದಿಲ್ಲ.

ಹೊಸ ಸಂಗತಿ ಎಂಬ ಕಾರಣ ಹಿಡಿದರೆ ಅಫಿಡವಿಟ್‌ನಲ್ಲಿ ದಿನಾಂಕ ಸಮೇತ ಬರೆಯಿರಿ. ಯಾವ ದಿನ ಸಿಕ್ಕಿತು, ಯಾರಿಂದ, ಮೊದಲೇ ಯಾಕೆ ಸಿಗಲಿಲ್ಲ, ಹುಡುಕಲು ಏನೇನು ಮಾಡಿದ್ದಿರಿ. ಇಂಥ ಕಾರಣಕ್ಕೆ ಕಟ್ಟುನಿಟ್ಟಿನ ರುಜುವಾತು ಬೇಕು ಅಂತ ಆರ್ಡರ್ 47 ರೂಲ್ 4 ಹೇಳುತ್ತದೆ. ‘ಇತ್ತೀಚೆಗೆ ದೊರೆಯಿತು’ ಎಂಬ ಎರಡು ಪದಕ್ಕೆ ಬೆಲೆ ಇಲ್ಲ. ಬೇರೆ ಯಾವುದೋ ಪ್ರಕರಣದಲ್ಲಿ ಮೇಲಿನ ಕೋರ್ಟು ಆಮೇಲೆ ಕಾನೂನನ್ನು ಬೇರೆ ರೀತಿ ಹೇಳಿತು ಅನ್ನುವುದೂ ರಿವ್ಯೂಗೆ ಕಾರಣವಲ್ಲ.

ರಿವ್ಯೂ ಅರ್ಜಿ ಚಿಕ್ಕದಾಗಿರಲಿ. ಆದೇಶದ ಯಾವ ಪ್ಯಾರಾ, ಕಡತದ ಯಾವ ಪುಟ, ಅವೆರಡರ ನಡುವಿನ ವ್ಯತ್ಯಾಸ ಏನು. ಹಳೆಯ ವಾದವನ್ನು ಮತ್ತೆ ಸುರಿಯಬೇಡಿ. ಆದೇಶ ಬರೆದ ನ್ಯಾಯಾಧೀಶರು ಅದೇ ಕೋರ್ಟಿನಲ್ಲಿದ್ದರೆ ಸಾಮಾನ್ಯವಾಗಿ ಅವರೇ ಕೇಳುತ್ತಾರೆ, ಅದಕ್ಕೆ ತಕ್ಕ ಭಾಷೆ ಇರಲಿ. ಅರ್ಜಿಯನ್ನು ತಳ್ಳಿಹಾಕಿದರೆ ಅದಕ್ಕೆ ಮೇಲ್ಮನವಿ ಇಲ್ಲ. ಒಪ್ಪಿದರೆ ಎದುರು ಪಕ್ಷಕ್ಕೆ ಮೇಲ್ಮನವಿ ಇದೆ. ರಿವ್ಯೂ ಮೇಲೆ ಬಂದ ಆದೇಶಕ್ಕೆ ಇನ್ನೊಂದು ರಿವ್ಯೂ ಇಲ್ಲವೇ ಇಲ್ಲ.

ದಾಖಲೆ ಕೊಡಿ ಎಂಬ ಆದೇಶ ನಿಮ್ಮ ಮೇಲೇ ಬಂದಿದ್ದು ನೀವೇ ರಿವ್ಯೂ ಕೇಳುತ್ತಿದ್ದರೆ ಒಂದು ಎಚ್ಚರಿಕೆ. ಅರ್ಜಿ ಹಾಕಿದ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ. ತಡೆಯನ್ನೋ 148ನೇ ಕಲಂ ಕೆಳಗೆ ಸಮಯ ವಿಸ್ತರಣೆಯನ್ನೋ ಬೇರೆಯಾಗಿ ಕೇಳಿ.

ಹೆಜ್ಜೆ 7: ರಿವ್ಯೂ ಬಿಟ್ಟು ಬೇರೆ ದಾರಿಗಳು

ನ್ಯಾಯಾಧೀಶರ ಅಭಿಪ್ರಾಯವೇ ತೀರಾ ತಪ್ಪಾಗಿದ್ದರೆ ಹೈಕೋರ್ಟು. 2002ರ ತಿದ್ದುಪಡಿಯ ನಂತರ ಇಂಥ ಮಧ್ಯಂತರ ಆದೇಶಗಳಿಗೆ 115ನೇ ಕಲಂ ರಿವಿಷನ್ (ಕೆಳಗಿನ ಕೋರ್ಟಿನ ಆದೇಶವನ್ನು ಹೈಕೋರ್ಟು ಪರಿಷ್ಕರಿಸುವುದು) ಸಿಗುವುದಿಲ್ಲ. ಉಳಿದಿರುವುದು ಸಂವಿಧಾನದ 227ನೇ ವಿಧಿ. ಸಿವಿಲ್ ಕೋರ್ಟಿನ ಆದೇಶದ ಮೇಲೆ 226ನೇ ವಿಧಿ (ರಿಟ್ ಅರ್ಜಿ) ನಡೆಯುವುದಿಲ್ಲ, 227 ಮಾತ್ರ ಅಂತ 2015ರ ರಾಧೇ ಶ್ಯಾಮ್ ಮತ್ತು ಛಬಿ ನಾಥ್ ತೀರ್ಪು ಸ್ಪಷ್ಟ ಮಾಡಿದೆ. ಇದು ಮೇಲ್ವಿಚಾರಣೆಯ ಅಧಿಕಾರ. ಸಣ್ಣಪುಟ್ಟ ತಪ್ಪಿಗೆ ಹೈಕೋರ್ಟು ಕೈ ಹಾಕುವುದಿಲ್ಲ. ದಾಖಲೆ ಇಲ್ಲದೆ ದಾವೆಯೇ ಬಿದ್ದುಹೋಗುತ್ತದೆ ಅನ್ನುವಂತಿದ್ದರೆ ಮಾತ್ರ ಹೋಗಿ.

ಪರಿಸ್ಥಿತಿ ನಿಜವಾಗಿ ಬದಲಾಗಿದ್ದರೆ ಹೊಸ ಅರ್ಜಿಯನ್ನೇ ಹಾಕಬಹುದು. ಆದರೆ ಅವೇ ಸಂಗತಿಗಳ ಮೇಲೆ ಅದೇ ಅರ್ಜಿ ಮತ್ತೆ ಬಂದರೆ ಕೋರ್ಟು ತಳ್ಳಿಹಾಕಬಹುದು ಅಂತ 1964ರ ಅರ್ಜುನ್ ಸಿಂಗ್ ಮತ್ತು ಮೊಹಿಂದ್ರ ಕುಮಾರ್ ತೀರ್ಪಿನಲ್ಲಿದೆ.

ಇನ್ನೊಂದು ದಾರಿ ಕಾಯುವುದು. ವಜಾ ಆದ ಈ ಆದೇಶ ಕೊನೆಯ ತೀರ್ಪಿನ ಮೇಲೆ ಪರಿಣಾಮ ಬೀರಿದ್ದರೆ, 105ನೇ ಕಲಂ ಪ್ರಕಾರ ಅದನ್ನೇ ಮುಂದೆ ಡಿಕ್ರಿಯ ಮೇಲ್ಮನವಿಯಲ್ಲಿ ಒಂದು ಕಾರಣವಾಗಿ ಎತ್ತಬಹುದು. ಆ ನಕಲನ್ನು ಕಡತದಲ್ಲಿ ಜೋಪಾನ ಮಾಡಿ.

ಅಲ್ಲಿಯವರೆಗೆ ಸಾಕ್ಷಿಕಟ್ಟೆ ಇದೆ. ಆರ್ಡರ್ 12 ರೂಲ್ 8ರ ಕೆಳಗೆ ದಾಖಲೆ ಹಾಜರುಪಡಿಸಲು ನೋಟಿಸ್ ಕೊಟ್ಟಿಡಿ. ಪಾಟೀಸವಾಲಿನಲ್ಲಿ ನಿಧಾನವಾಗಿ, ಒಂದೊಂದೇ ಪ್ರಶ್ನೆ ಕೇಳಿಸಿ. ಬಾಡಿಗೆ ಯಾರು ವಸೂಲು ಮಾಡುತ್ತಿದ್ದರು? ನಾನೇ. ಬರೆದಿಡುತ್ತಿದ್ದಿರಾ? ಹೌದು. ಆ ಪುಸ್ತಕ ಈಗ ಎಲ್ಲಿದೆ? ಮನೆಯಲ್ಲಿದೆ. ಕೋರ್ಟಿಗೆ ತರಲು ಸಿದ್ಧರಿದ್ದೀರಾ? ಇಲ್ಲ. ಈ ಕೊನೆಯ ‘ಇಲ್ಲ’ ಬರಹದಲ್ಲಿ ದಾಖಲಾಯಿತೇ ಅಂತ ನೋಡಿಕೊಳ್ಳಿ. ಕೈಯಲ್ಲಿರುವ ದಾಖಲೆಯನ್ನು ಬಚ್ಚಿಟ್ಟವರ ವಿರುದ್ಧ ಕೋರ್ಟು ಪ್ರತಿಕೂಲ ಊಹೆ ಮಾಡಬಹುದು, ಅಂದರೆ ಆ ದಾಖಲೆ ಅವರಿಗೇ ವಿರುದ್ಧವಾಗಿತ್ತು ಅಂತ ಭಾವಿಸಬಹುದು. ರುಜುವಾತಿನ ಹೊಣೆ ಅವರ ಮೇಲೆ ಇಲ್ಲದಿದ್ದರೂ ಸರಿ ಅಂತ 1968ರ ಗೋಪಾಲ ಕೃಷ್ಣಾಜಿ ಕೇತ್ಕರ್ ತೀರ್ಪು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದಕ್ಕೆ 119ನೇ ಕಲಂ, ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 114ನೇದು. ಕೊನೆಯ ವಾದದ ದಿನ ನಿಮ್ಮ ವಕೀಲರ ಕೈಯಲ್ಲಿ ಆ ಪಾಟೀಸವಾಲಿನ ಪುಟ ಮತ್ತು ಈ ಕಲಂ ಎರಡೂ ಇರಲಿ.